ಎಂಟನೇ ಬಾಗಿಲು

ನಮ್ಮ ಕಟ್ಟಡದಲ್ಲಿ ಎಂಟು ಮನೆಗಳಿವೆ. ಅವುಗಳಲ್ಲಿ ಏಳು ಮನೆಗಳ ಬಾಗಿಲನ್ನು ಒಂದೇ ಭಾನುವಾರ, ಹಾಡಹಗಲಲ್ಲಿ, ಏಳೂ ಮನೆಯವರ ಕಣ್ಣೆದುರಿಗೇ ಒಂದೇ ಬೀಗದ ಕೈಯಿಂದ ತೆರೆದ ಕೀರ್ತಿ ಎರಡನೇ ಮಹಡಿಯ ‘ಗಮನಕ್ಕೆ’ಯವರಿಗೆ ಸಲ್ಲುತ್ತದೆ. ಎಂಟನೆಯದನ್ನು ಮಾತ್ರ ಅವರಿಂದ ತೆರೆಯಲಾಗಲಿಲ್ಲ. ಅದು ಅವರದೇ ಮನೆ.

‘ಗಮನಕ್ಕೆ’ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತಾರು ವರ್ಷಗಳಿಂದ ಅವರು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತು, ಮೈಕಿನ ಮುಂದೆ “ಪ್ರಯಾಣಿಕರ ಗಮನಕ್ಕೆ...” ಎಂದು ಕೂಗುತ್ತಾ ಬಂದಿದ್ದಾರೆ. ಊರಿನವರ ಗಮನವನ್ನೆಲ್ಲ ಸೆಳೆದು ಸೆಳೆದು, ತಮ್ಮ ಖರ್ಚಿಗೆಂದು ಒಂದು ಚಿಟಿಕೆ ಗಮನವನ್ನೂ ಉಳಿಸಿಕೊಳ್ಳದ ತ್ಯಾಗಜೀವಿ. ಮನೆಯಲ್ಲೂ ಅದೇ ಧಾಟಿ.

“ಮನೆಯವರ ಗಮನಕ್ಕೆ. ಏಳೂವರೆಗೆ ಹೊರಡಬೇಕಾಗಿದ್ದ ನಾನು, ಒಂದೇ ಕಾಲುಚೀಲ ಸಿಕ್ಕಿರುವ ಕಾರಣ, ಹತ್ತು ನಿಮಿಷ ತಡವಾಗಿ ಹೊರಡಲಿದ್ದೇನೆ.”

“ಇನ್ನೊಂದೂ ಅದೇ ಕಾಲಲ್ಲಿದೆ ರೀ,” ಎಂದು ಒಳಗಿನಿಂದ ಹೆಂಡತಿಯ ಉತ್ತರ. “ಒಂದರ ಮೇಲೊಂದು ಹಾಕ್ಕೊಂಡಿದ್ದೀರಿ.”

ಇಂಥವರು ಒಂದು ಸೋಮವಾರ ಮನೆಯ ಬೀಗದ ಕೈ ಕಳೆದುಕೊಂಡರು. ಕಳೆದುಕೊಂಡವರು ಅವರೇ, ಪ್ರಕಟಿಸಿದವರೂ ಅವರೇ: “ಒಂದು ಬೀಗದ ಕೈ ಕಳೆದುಹೋಗಿದೆ. ಸಿಕ್ಕಿದವರು ವಿಚಾರಣೆಯ ಕಿಟಕಿಗೆ ತಲುಪಿಸಬೇಕಾಗಿ ವಿನಂತಿ.” ಮೂರು ಸಲ ಕೂಗಿ, ನಾಲ್ಕನೇ ಸಲ ತಾವೇ ವಿಚಾರಣೆಯ ಕಿಟಕಿಗೆ ಹೋಗಿ ನಿಂತರು. ಅಲ್ಲಿನ ಗುಮಾಸ್ತ ಕಟ್ಟುನಿಟ್ಟಿನ ಮನುಷ್ಯ. ಗುರುತು ಹೇಳದೆ ಸ್ವಂತ ತಾಯಿಯ ಚೀಲವನ್ನೂ ಕೊಟ್ಟವನಲ್ಲ.

“ಗುರುತು ಹೇಳಿ.”

“ಗುರುತು ಅಂದ್ರೆ... ಉದ್ದಕ್ಕಿತ್ತು.”

“ಬೀಗದ ಕೈ ಉದ್ದಕ್ಕೇ ಇರುತ್ತೆ ಸಾರ್. ದುಂಡಗಿದ್ರೆ ಅದು ಗುಂಡಿ. ಇನ್ನೇನು ಗುರುತು?”

“ಹಳದಿ ಇತ್ತು.”

“ನೆನಪಾದಾಗ ಬನ್ನಿ,” ಎಂದು ಗುಮಾಸ್ತ ಕಿಟಕಿ ಹಾಕಿದ.

ಅದೇ ವಾರ ಅವರ ಮಾವ, ಅಂದರೆ ಹೆಂಡತಿಯ ತಂದೆ, ಬಂದಿಳಿದಿದ್ದರು. ಮಾವ ನಲವತ್ತು ವರ್ಷ ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮಾತು ಕಮ್ಮಿ. ಕೈಯಲ್ಲೊಂದು ಬಟ್ಟೆಯ ಗಂಟು. ಗಂಟಿನೊಳಗೆ ಹನ್ನೆರಡು ಅರಗಳು, ಮರವನ್ನೂ ಲೋಹವನ್ನೂ ಉಜ್ಜಿ ಆಕಾರಕ್ಕೆ ತರುವ ಉಕ್ಕಿನ ಅರಗಳು. ಚಪ್ಪಟೆಯದು, ದುಂಡನೆಯದು, ಮುಮ್ಮೂಲೆಯದು, ಒಂದು ಬದಿ ಚಪ್ಪಟೆ ಇನ್ನೊಂದು ಬದಿ ಉಬ್ಬಿದ್ದು. ಒರಟು, ಮಧ್ಯಮ, ನಯ. ಕೊನೆಯಲ್ಲಿ ಮೊಸಳೆಯ ಬೆನ್ನಿನ ಹಾಗೆ ಮುಳ್ಳುಮುಳ್ಳಾದ ಮರದ ಅರ. ಒಂದರ ಹಲ್ಲು ಇನ್ನೊಂದಕ್ಕೆ ತಾಗಬಾರದೆಂದು ಒಂದೊಂದಕ್ಕೂ ಬೇರೆ ಬೇರೆ ಜೇಬು ಹೊಲಿಸಿದ್ದರು. ಅಣ್ಣತಮ್ಮಂದಿರನ್ನು ಬೇರೆ ಬೇರೆ ಕೋಣೆಯಲ್ಲಿ ಮಲಗಿಸಿದ ಹಾಗೆ.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಮಾವ ವಿಷಯ ಎತ್ತಿದರು. “ಬರೋ ಸೋಮವಾರ ಈ ಗಂಟನ್ನ ಕೈಗಾರಿಕಾ ಶಾಲೆಗೆ ಕೊಟ್ಟುಬಿಡ್ತೀನಿ. ಸುಮ್ಮನೆ ಮಲಗಿದ್ರೆ ತುಕ್ಕು ಹಿಡಿಯುತ್ತೆ.”

ಬಡಿಸುತ್ತಿದ್ದ ಮಗಳ ಕೈ ನಿಂತಿತು. “ಇಲ್ಲೇ ಇರಲಿ ಅಪ್ಪಾ. ಅದರ ಸದ್ದು ಕೇಳ್ತಾ ಬೆಳೆದವಳು ನಾನು.”

“ಇಟ್ಕೊಂಡು ಏನು ಮಾಡ್ತೀಯಾ ಮಗೂ? ಸೌತೆಕಾಯಿ ಸಿಪ್ಪೆ ತೆಗೀತೀಯಾ? ನಮ್ಮ ಮನೇಲಿ ಇದನ್ನ ಹಿಡಿಯೋ ಕೈ ಇಲ್ಲ.”

ಹೆಂಡತಿ ಅನ್ನದ ಪಾತ್ರೆಯ ಮುಚ್ಚಳವನ್ನು ಸಾರಿನ ಪಾತ್ರೆಗೆ ಮುಚ್ಚಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಆಕೆ ತಪ್ಪು ಮುಚ್ಚಳ ಮುಚ್ಚಿದ್ದು ಇದೇ ಮೊದಲು. ಏನನ್ನೂ ಗಮನಿಸದ ಗಮನಕ್ಕೆಯವರು ಇದೊಂದನ್ನು ಗಮನಿಸಿಬಿಟ್ಟರು. ಎಲ್ಲ ಅನಾಹುತಕ್ಕೂ ಮೂಲ ಅದೇ.

“ಹಿಡಿಯೋ ಕೈ ಇಲ್ಲ ಅಂದ್ರೆ ಹೇಗೆ ಮಾವ? ನಾನಿಲ್ವಾ?” ಎಂದರು, ಎದೆ ಸೆಟೆಸಿ. “ಅರ ಹಾಕೋದು ಏನು ಮಹಾ! ಹಿಂದಕ್ಕೂ ಮುಂದಕ್ಕೂ ಉಜ್ಜೋದು. ದಿನಾ ಬೆಳಗ್ಗೆ ಹಲ್ಲುಜ್ಜಲ್ವಾ?”

“ಹಿಂದಕ್ಕೂ?” ಎಂದರು ಮಾವ. ಅಷ್ಟೇ ಅಂದದ್ದು. ತುತ್ತು ಕೈಯಲ್ಲೇ ಉಳಿಯಿತು.

ಇಲ್ಲಿ ಓದುಗರಿಗೆ ಒಂದು ವಿವರಣೆ. ಅರದ ಹಲ್ಲುಗಳೆಲ್ಲ ಮುಂದಕ್ಕೆ ಬಾಗಿರುತ್ತವೆ. ಅದು ಕೆಲಸ ಮಾಡುವುದು ಮುಂದಕ್ಕೆ ಹೋಗುವಾಗ ಮಾತ್ರ. ಹಿಂದೆ ಬರುವಾಗ ಎತ್ತಿಕೊಂಡು ಬರಬೇಕು. ಎಳೆದುಕೊಂಡು ಬಂದರೆ ಹಲ್ಲು ಮೊಂಡು. ಒಬ್ಬ ಫಿಟ್ಟರ್ ಎದುರು ‘ಹಿಂದಕ್ಕೂ ಉಜ್ಜುತ್ತೇನೆ’ ಅನ್ನುವುದು, ವೈದ್ಯರ ಎದುರು ‘ಗುಳಿಗೆಯನ್ನು ಕಿವಿಯಲ್ಲಿ ಹಾಕಿಕೊಳ್ಳುತ್ತೇನೆ’ ಅಂದ ಹಾಗೆ.

ಮಾವ ಕೈ ತೊಳೆದು ಬಂದು ಗಂಟು ಬಿಚ್ಚಿದರು. ಒಂದು ಒರಟು ಅರ, ಒಂದು ನಯದ ಅರ ತೆಗೆದರು. ಜೊತೆಗೆ ಇನ್ನೂ ಹಲ್ಲು ಮೂಡದ ಒಂದು ಹಿತ್ತಾಳೆಯ ಬೀಗದ ಕೈ.

“ಅಳಿಯಂದಿರೇ, ನಿಮ್ಮ ಬೀಗದ ಕೈ ಕಳೆದಿದೆಯಂತೆ. ಮಗಳ ಹತ್ರ ಇರೋದನ್ನ ನೋಡಿ ಇನ್ನೊಂದು ಮಾಡಿ. ಭಾನುವಾರ ಹನ್ನೊಂದೂವರೆಗೆ ನೋಡ್ತೀನಿ. ಈ ಮನೆಯವರು ಯಾರೇ ಅರ ಹಾಕಿ ಮಾಡಿದ ಬೀಗದ ಕೈಯಿಂದ ಈ ಬಾಗಿಲು ತೆರೆದ್ರೆ ಗಂಟು ಇಲ್ಲೇ ಇರುತ್ತೆ. ತೆರೀಲಿಲ್ಲ, ಸೋಮವಾರ ಶಾಲೆಗೆ.”

ಹೆಂಡತಿಯ ಬಳಿ ಉಳಿದಿದ್ದ ಬೀಗದ ಕೈ ಆಕೆಗೇ ದಿನವೂ ಬೇಕು. ಆದ್ದರಿಂದ ಗಮನಕ್ಕೆಯವರು ಅದನ್ನು ಬಸ್ಸಿನ ವೇಳಾಪಟ್ಟಿಯ ಕಾಗದದ ಮೇಲಿಟ್ಟು, ಸುತ್ತಲೂ ಪೆನ್ಸಿಲ್ ಎಳೆದು ನಕ್ಷೆ ಮಾಡಿಕೊಂಡರು. ಅದಾದ ಮೇಲೆ ಹಜಾರದ ಕಿಟಕಿಯ ಬಳಿ ಕುಳಿತು ಶುರುಮಾಡಿದರು. ಕರ್ರ್, ಕೀಂಯ್. ಕರ್ರ್, ಕೀಂಯ್.

“ರೀ, ಹಿಂದೆ ಬರೋವಾಗ ಎತ್ತಿ,” ಎಂದು ಅಡುಗೆಮನೆಯಿಂದ ದನಿ.

“ನೀನು ಒಲೆ ನೋಡ್ಕೋ.”

“ಒಲೆ ಸುಮ್ಮನಿದೆ. ಅರ ಅಳ್ತಾ ಇದೆ. ಎತ್ತಿ ಅಂದೆ. ಮತ್ತೆ, ಹಲ್ಲಿಗೆ ಸ್ವಲ್ಪ ಸೀಮೆಸುಣ್ಣ ಸವರಿ, ಹಿತ್ತಾಳೆ ಪುಡಿ ಅಂಟಲ್ಲ.”

“ಗೋಡೆಯಾಚೆಯಿಂದ ನಿನಗೇನು ಕಾಣ್ಸುತ್ತೆ?”

“ಕೇಳ್ಸುತ್ತಲ್ಲ.”

ಹೀಗೆ ಗೋಡೆಯಾಚೆಯ ಮೇಲ್ವಿಚಾರಣೆಯಲ್ಲಿ ಕೆಲಸ ಸಾಗದೆಂದು, ಶುಕ್ರವಾರ ಗಮನಕ್ಕೆಯವರು ಅರವನ್ನೂ ಬೀಗದ ಕೈಯನ್ನೂ ಊಟದ ಚೀಲದಲ್ಲಿಟ್ಟುಕೊಂಡು ನಿಲ್ದಾಣಕ್ಕೆ ಒಯ್ದರು. ಗಾಜಿನ ಗೂಡು, ಮುಚ್ಚಿದ ಬಾಗಿಲು, ಕೇಳುವವರು ಯಾರೂ ಇಲ್ಲ. ಒಂಬತ್ತೂವರೆಯ ಬಸ್ಸಿನ ಪ್ರಕಟಣೆ ಮುಗಿಸಿ ನೆಮ್ಮದಿಯಾಗಿ ಅರ ಹಾಕಲು ಕುಳಿತರು. ಮುಗಿಸಿದ್ದು ಪ್ರಕಟಣೆಯನ್ನು. ಮೈಕನ್ನಲ್ಲ.

ಆ ಹೊತ್ತಿಗೆ ಮೂರನೇ ಅಂಕಣದ ಬಸ್ಸು ಹಿಂದಕ್ಕೆ ಬರುತ್ತಿತ್ತು. ನಿಲ್ದಾಣದ ಹದಿನಾರು ಧ್ವನಿವರ್ಧಕಗಳಿಂದ ಒಟ್ಟಿಗೇ ಕರ್ರ್ರ್, ಕೀಂಯ್ಯ್ ಎಂಬ ಸದ್ದು ಹೊರಟಿತು. ಚಾಲಕ ಬ್ರೇಕ್ ಹಾಕಿ, ಬಾಗಿಲು ತೆರೆದು ಹಾರಿದ.

“ಆಕ್ಸಲ್ ಹೋಯ್ತು!”

ಮೆಕ್ಯಾನಿಕ್ ಓಡಿಬಂದು ಬಸ್ಸಿನ ಕೆಳಗೆ ನುಸುಳಿದ. “ಆಕ್ಸಲ್ ಅಲ್ಲ, ಗೇರ್ ಬಾಕ್ಸು. ಎಂಜಿನ್ ನಿಲ್ಸಿ!”

ನಿಲ್ಲಿಸಿದರು. ಸದ್ದು ಮುಂದುವರಿಯಿತು.

“ಎಂಜಿನ್ ನಿಂತ ಮೇಲೂ ಗೇರ್ ಅರೀತಿದೆ,” ಎಂದು ಮೆಕ್ಯಾನಿಕ್ ಬಸ್ಸಿನಡಿಯಿಂದ ಗಂಭೀರವಾಗಿ ಹೇಳಿದ. “ಇದು ಭಾಳ ಒಳಗಿನ ಕಾಯಿಲೆ.”

“ನಾನು ಮೊನ್ನೆಯೇ ಹೇಳಿದ್ದೆ,” ಎಂದಳು ಕಿಟಕಿಯ ಬದಿಯ ಮುದುಕಿ. “ಈ ಬಸ್ಸಿಗೆ ಕೆಮ್ಮು ಇದೆ ಅಂತ. ಯಾರು ಕೇಳ್ತಾರೆ?”

ಪ್ರಯಾಣಿಕರನ್ನೆಲ್ಲ ಇಳಿಸಿ ಪಕ್ಕದ ಬಸ್ಸಿಗೆ ಹತ್ತಿಸಿದರು. ಪಕ್ಕದ ಬಸ್ಸು ಹೊರಡುವಷ್ಟರಲ್ಲಿ ಅದಕ್ಕೂ ಅದೇ ಕಾಯಿಲೆ ತಗುಲಿತು. ಮೂರನೆಯ ಬಸ್ಸಿಗೂ ಹರಡಿತು. ಮುದುಕಿ ಮೂಗಿಗೆ ಸೆರಗು ಹಿಡಿದಳು. ಕಡೆಗೆ ನಿಲ್ದಾಣದ ಅಧಿಕಾರಿ ಓಡುತ್ತಾ ಗಾಜಿನ ಗೂಡಿಗೆ ಬಂದು, “ಮೂರು ಬಸ್ಸು ರದ್ದು ಅಂತ ಕೂಗ್ರೀ ಬೇಗ!” ಎಂದರು.

“ಅಯ್ಯೋ ಪಾಪ, ಏನಾಯ್ತು ಸಾರ್?” ಎಂದು ಗಮನಕ್ಕೆಯವರು ಅರ ಕೆಳಗಿಟ್ಟು ಕೇಳಿದ್ದು ಹದಿನಾರು ಧ್ವನಿವರ್ಧಕಗಳಲ್ಲೂ ಮೊಳಗಿತು. ಜೊತೆಗೆ, ಸದ್ದು ನಿಂತಿತು.

ಅಧಿಕಾರಿ ಅರ ನೋಡಿದರು. ಮೈಕು ನೋಡಿದರು. ಮೈಕಿನ ಕೆಂಪು ದೀಪ ನೋಡಿದರು. ಗಮನಕ್ಕೆಯವರೂ ಅದೇ ಕ್ರಮದಲ್ಲಿ ನೋಡಿದರು. ನಂತರ ಅವರು ಗಂಟಲು ಸರಿಮಾಡಿಕೊಂಡು, “ತಾಂತ್ರಿಕ ಕಾರಣಗಳಿಂದ ತಡವಾಗಿದ್ದ ಬಸ್ಸುಗಳು ಈಗ ಹೊರಡಲಿವೆ,” ಎಂದು ಪ್ರಕಟಿಸಿದರು. ಇಪ್ಪತ್ತಾರು ವರ್ಷಗಳಲ್ಲಿ ಆ ತಾಂತ್ರಿಕ ಕಾರಣ ಗೂಡಿನೊಳಗೇ ಕುಳಿತು ಮಾತಾಡಿದ್ದು ಅದೇ ಮೊದಲು. ಅಧಿಕಾರಿ ಒಂದು ನೋಟೀಸು ಕೊಟ್ಟು, “ಅರ ಇನ್ನೊಮ್ಮೆ ಕಂಡ್ರೆ ನಿಮ್ಮನ್ನೇ ಉಜ್ಜಿಬಿಡ್ತೀನಿ,” ಎಂದು ಹೋದರು.

ಈ ಗಡಿಬಿಡಿಯಲ್ಲಿ ಒಂದು ಸಣ್ಣ ವಿಷಯ ತಪ್ಪಿತ್ತು. ನಕ್ಷೆಯ ಕಾಗದವನ್ನು ಬೆಳಕಿಗೆ ಹಿಡಿದು, ಹಿಂಬದಿಯಿಂದ ನೋಡಿ ಕೊರೆದಿದ್ದರು. ಬೀಗದ ಕೈಯ ಹಲ್ಲಿನ ಮೆಟ್ಟಿಲುಗಳು ಎಡಕ್ಕಿರಬೇಕಾದದ್ದು ಬಲಕ್ಕೆ ಬಂದಿದ್ದವು. ಗಮನಕ್ಕೆಯವರು ಧೃತಿಗೆಡಲಿಲ್ಲ. ಪ್ರಕಟಣೆಯ ಕೆಲಸದಲ್ಲಿ ಇದಕ್ಕೆ ಮದ್ದುಂಟು: “ಐದನೇ ಅಂಕಣ ಎಂದು ಹೇಳಿದ್ದನ್ನು ಮೂರನೇ ಅಂಕಣ ಎಂದು ತಿದ್ದಿಕೊಳ್ಳಬೇಕಾಗಿ ವಿನಂತಿ.” ಹಾಗೆಯೇ ಎಡಬದಿಯನ್ನೂ ಕೊರೆದು ತಿದ್ದಿದರು. ತಿದ್ದಿದ್ದು ಹೆಚ್ಚಾಗಿತ್ತು, ಬಲಕ್ಕೆ ಇನ್ನಷ್ಟು ತಿದ್ದಿದರು. ಮಾತನ್ನು ತಿದ್ದಲು ಇನ್ನೊಂದು ಮಾತು ಸೇರಿಸಬಹುದು, ಅರ ಮಾತ್ರ ಏನನ್ನೂ ಸೇರಿಸುವುದಿಲ್ಲ, ತೆಗೆಯುತ್ತದೆ ಅಷ್ಟೆ, ಎಂಬ ಸತ್ಯ ಅವರಿಗೆ ಹೊಳೆಯುವ ವೇಳೆಗೆ ಬೀಗದ ಕೈಯಲ್ಲಿ ಉಳಿದದ್ದು ಒಂದು ಕಡ್ಡಿ ಮತ್ತು ಅದರ ತುದಿಯಲ್ಲಿ ಒಂದು ಅಕ್ಕಿಕಾಳಿನಷ್ಟು ಹಲ್ಲು.

“ನಯವಾಗಿದೆ,” ಎಂದು ಅದನ್ನು ತಾವೇ ಹೊಗಳಿದರು. ಬೇರೆ ಯಾರೂ ಇರಲಿಲ್ಲವಲ್ಲ.

ಭಾನುವಾರ ಬಂತು. ಹನ್ನೊಂದು ಗಂಟೆಗೆ ಹೆಂಡತಿ ಬಾಗಿಲಿಗೆ ಬೀಗ ಹಾಕಿ ತರಕಾರಿ ತರಲು ಹೋದಳು. ಮಾವ ತಿರುಗಾಡಲು ಹೋದರು. ಗಮನಕ್ಕೆಯವರು ಬೀದಿಯ ತುದಿಯವರೆಗೆ ಇಬ್ಬರನ್ನೂ ಕಳಿಸಿ, ಪರೀಕ್ಷೆಗೆ ಮೊದಲೇ ಒಮ್ಮೆ ತೆರೆದು ನೋಡೋಣವೆಂದು ಮೆಟ್ಟಿಲು ಹತ್ತಿದರು. ಹತ್ತುತ್ತಾ ವಿಜಯದ ಪ್ರಕಟಣೆಯನ್ನು ಗುನುಗತೊಡಗಿದರು. “ಮಾವನವರ ಗಮನಕ್ಕೆ. ಬಹುನಿರೀಕ್ಷಿತ ಬಾಗಿಲು ಇದೀಗ...” ಪ್ರಕಟಣೆ ಉದ್ದವಾಗಿತ್ತು. ಅದು ಮುಗಿಯುವಷ್ಟರಲ್ಲಿ ಮಹಡಿ ಒಂದು ಹೆಚ್ಚಾಗಿತ್ತು.

ನಮ್ಮ ಕಟ್ಟಡದ ಎಂಟೂ ಬಾಗಿಲುಗಳಿಗೆ ಒಂದೇ ಬಣ್ಣ, ಒಂದೇ ಬಗೆಯ ಬೀಗ. ಮನೆ ಕಟ್ಟಿಸಿದವರು ಒಂದೇ ಪೆಟ್ಟಿಗೆಯಿಂದ ತೆಗೆಸಿ ಹಾಕಿಸಿದ್ದರು. ಗಮನಕ್ಕೆಯವರು ಉಸಿರು ಬಿಗಿಹಿಡಿದು ಬೀಗದ ಕೈ ತೂರಿಸಿ ತಿರುಗಿಸಿದರು. ಕ್ಲಿಕ್. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತೆರೆಯಿತು!

ಆ ಮೂರನೇ ಮಹಡಿಯ ಮನೆ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳದು. ಅವರು ಮುಂದಿನ ವಾರದ ಸಭೆಗಾಗಿ ಬನಿಯನ್ನಿನಲ್ಲಿ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದರು. ಅವರು ಬೆರಳೆತ್ತಿ ಹೇಳುತ್ತಿದ್ದ ವಾಕ್ಯ ಇದು: “ನನ್ನ ಅವಧಿಯಲ್ಲಿ ಈ ಕಟ್ಟಡದ ಒಂದೇ ಒಂದು ಬಾಗಿಲನ್ನೂ ಹೊರಗಿನವರು ತೆರೆದಿಲ್ಲ ಎಂದು ಎದೆ ತಟ್ಟಿ...”

“ತೆರೀತು!” ಎಂದು ಗಮನಕ್ಕೆಯವರು ಒಳಗೆ ಹಾರಿದರು.

ಕಾರ್ಯದರ್ಶಿಗಳು ಎದೆ ತಟ್ಟಲು ಎತ್ತಿದ್ದ ಕೈಯಿಂದ ಎದೆ ಮುಚ್ಚಿಕೊಂಡರು. “ನೀವು ಹೇಗ್ರೀ ಒಳಗೆ ಬಂದ್ರಿ?”

“ಬೀಗ ತೆಗೆದು.”

“ಬೀಗ ನನ್ನದು!”

ಗಮನಕ್ಕೆಯವರು ಸುತ್ತ ನೋಡಿದರು. ಗೋಡೆಯ ಮೇಲೆ ತಮ್ಮದಲ್ಲದ ಗಡಿಯಾರ, ಕೆಳಗೆ ತಮ್ಮದಲ್ಲದ ಸೋಫಾ. ನಿಜ ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಯಿಂದ ಬಂದದ್ದು ಪ್ರಕಟಣೆಯ ದನಿ. “ನಿವಾಸಿಗಳ ಗಮನಕ್ಕೆ. ಇದು... ಭದ್ರತಾ ತಪಾಸಣೆ.”

“ಯಾರು ಹೇಳಿದ್ದು ಮಾಡೋಕೆ?”

ಅಷ್ಟರಲ್ಲಿ ಕೂಗು ಕೇಳಿ ಎರಡನೇ ಮಹಡಿಯ ಹೆಡ್‌ಮಿಸ್ಸು ಮೇಲೆ ಬಂದಿದ್ದರು. ಗಮನಕ್ಕೆಯವರ ಎದುರು ಮನೆಯ ಈ ನಿವೃತ್ತ ಮುಖ್ಯೋಪಾಧ್ಯಾಯಿನಿ ಈಗಲೂ ಇಡೀ ಕಟ್ಟಡವನ್ನು ನಾಲ್ಕನೇ ತರಗತಿಯೆಂದೇ ತಿಳಿದಿದ್ದಾರೆ. “ಏನಿದು ಗಲಾಟೆ? ಒಬ್ಬೊಬ್ಬರಾಗಿ ಹೇಳಿ. ಕೈ ಎತ್ತಿ ಹೇಳಿ.”

ಕಾರ್ಯದರ್ಶಿಗಳ ಮುಖದಲ್ಲಿ ಭಾಷಣ ಉಳಿಸಿಕೊಳ್ಳುವ ಉಪಾಯ ಮಿಂಚಿತು. “ಗಲಾಟೆ ಏನಿಲ್ಲ ಮೇಡಂ. ಭದ್ರತಾ ತಪಾಸಣೆ. ನಾನೇ ಏರ್ಪಡಿಸಿದ್ದು. ನನ್ನ ಬೀಗ ಸ್ವಲ್ಪ ಹಳೇದು, ತೆರೀತು. ಉಳಿದವು ಭದ್ರವಾಗಿವೆ ಅಂತ ಈಗ ಎಲ್ಲರ ಎದುರು ತೋರಿಸ್ತೀವಿ. ನಡೀರಿ ಗಮನಕ್ಕೆ!”

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಅಂಗಿ ತೊಟ್ಟ ಕಾರ್ಯದರ್ಶಿಗಳು, ನಡುವೆ ಬೀಗದ ಕೈ ಹಿಡಿದ ಗಮನಕ್ಕೆಯವರು, ಹಿಂದೆ ಮನೆಗಳ ಪಟ್ಟಿ ಹಿಡಿದ ಹೆಡ್‌ಮಿಸ್ಸು. ಮೊದಲು ನಾಲ್ಕನೇ ಮಹಡಿ. ಎಡಗಡೆ: ಕ್ಲಿಕ್. ಬಲಗಡೆ: ಕ್ಲಿಕ್. ಕಾರ್ಯದರ್ಶಿಗಳ ಪಕ್ಕದ ಮನೆ: ಕ್ಲಿಕ್. ಪ್ರತಿ ಕ್ಲಿಕ್ಕಿಗೂ ಹೆಡ್‌ಮಿಸ್ಸು “ಫೇಲು” ಎಂದು ಬರೆದುಕೊಂಡರು. ಅವರದೇ ಮನೆಯ ಬಾಗಿಲು ತೆರೆದಾಗ ಕ್ಷಣಕಾಲ ಯೋಚಿಸಿ, “ಇದಕ್ಕೆ ಇನ್ನೊಂದು ಅವಕಾಶ ಕೊಡೋಣ,” ಎಂದರು. ಎರಡನೇ ಅವಕಾಶದಲ್ಲಿ ಇನ್ನೂ ಬೇಗ ತೆರೆಯಿತು. ನಾನು ಮೊದಲ ಮಹಡಿಯವನು. ನನ್ನ ಬಾಗಿಲು ತೆರೆದಾಗ ನಾನು ಒಳಗಿನಿಂದ “ಯಾರು?” ಎಂದೆ. “ತಪಾಸಣೆ,” ಎಂದರು. “ತೆರೆದ ಮೇಲೆ ಏನು ತಪಾಸಣೆ?” ಎಂದು ನಾನೂ ಮೆರವಣಿಗೆ ಸೇರಿಕೊಂಡೆ.

ಏಳನೆಯದು ನನ್ನ ಪಕ್ಕದವರ ಮನೆ. ಅವರಿಗೆ ತಪಾಸಣೆಯ ಸುದ್ದಿ ತಲುಪಿರಲಿಲ್ಲ. ಬಾಗಿಲು ತಾನಾಗಿ ತೆರೆದು, ಹೊರಗೆ ಹನ್ನೊಂದು ಜನ ಇಣುಕುತ್ತಿದ್ದುದನ್ನು ಕಂಡ ಆ ಮನೆಯಾಕೆ ಬೇರೇನೂ ಮಾಡದೆ ಪೊಲೀಸರಿಗೆ ಫೋನ್ ಮಾಡಿದರು.

ದಫೇದಾರರು ಬರುವ ಹೊತ್ತಿಗೆ ಮೆರವಣಿಗೆ ಕೊನೆಯ ಬಾಗಿಲಿಗೆ, ಅಂದರೆ ಎರಡನೇ ಮಹಡಿಯ ಗಮನಕ್ಕೆಯವರ ಮನೆಗೆ, ಬಂದು ನಿಂತಿತ್ತು. ಅವರು ಬೀಗದ ಕೈ ತೂರಿಸಿ ತಿರುಗಿಸಿದರು. ಇಲ್ಲ. ಎಡಕ್ಕೆ ತಿರುಗಿಸಿದರು. ಇಲ್ಲ. ಊದಿ ತಿರುಗಿಸಿದರು. ಇಲ್ಲ.

ದಫೇದಾರರು ಮಾತಾಡುವುದೂ ಮಹಜರು ಬರೆಯುವ ಭಾಷೆಯಲ್ಲೇ. “ಸದರಿ ಏಳು ಬಾಗಿಲು ತೆರೆದಿರುತ್ತದೋ?”

“ತೆರೆದಿರುತ್ತೆ ಸ್ವಾಮಿ.”

“ಸದರಿ ಎಂಟನೇ ಬಾಗಿಲು ಯಾರದು?”

“ನನ್ನದು.”

“ಅಂದ್ರೆ ಅನ್ಯರ ಮನೆ ಮಾತ್ರ ತೆರೆಯುವಂತೆ, ತನ್ನ ಮನೆ ತೆರೆಯದಂತೆ, ಮುಂಜಾಗ್ರತೆ ವಹಿಸಿ ಮಾಡಿಸಿರುತ್ತೀರಿ.”

“ಮಾಡ್ಸಿಲ್ಲ ಸ್ವಾಮಿ, ನಾನೇ ಕೈಯಾರೆ ಅರ ಹಾಕಿದ್ದು!”

“ಸದರಿ ಆಸಾಮಿಯು ತಾನೇ ಮಾಡಿದ್ದಾಗಿ ಒಪ್ಪಿಕೊಂಡಿರುತ್ತಾನೆ,” ಎಂದು ದಫೇದಾರರು ಬರೆದುಕೊಂಡರು. “ತಪಾಸಣೆ ಏರ್ಪಡಿಸಿದವರು ಯಾರು?”

ಕಾರ್ಯದರ್ಶಿಗಳು ಚಾವಣಿಯ ಬಣ್ಣವನ್ನು ಪರಿಶೀಲಿಸತೊಡಗಿದರು.

ಆಗಲೇ ಮಾವ ಮೆಟ್ಟಿಲು ಹತ್ತಿ ಬಂದದ್ದು. ಹನ್ನೊಂದೂವರೆಗೆ ಸರಿಯಾಗಿ. ಅಳಿಯನ ಮನೆಯ ಮುಂದೆ ಪೊಲೀಸರನ್ನು ಕಂಡೂ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. “ಬಾಗಿಲು ತೆರೀತಾ?” ಎಂದಷ್ಟೇ ಕೇಳಿದರು.

“ಇದು ಬಿಟ್ಟು ಎಲ್ಲಾ ತೆರೆದಿದೆ,” ಎಂದರು ಹೆಡ್‌ಮಿಸ್ಸು, ಪಟ್ಟಿ ತೋರಿಸಿ.

ಮಾವ ಫಿಟ್ಟರ್ ಎಂದು ತಿಳಿದದ್ದೇ ದಫೇದಾರರು ಬೀಗದ ಕೈಯನ್ನು ಅವರ ಅಂಗೈಲಿಟ್ಟರು. “ಯಜಮಾನ್ರೇ, ನೀವು ಬಲ್ಲವರು. ನೋಡಿ ಹೇಳಿ. ಇದು ತಿಳಿದವನು ಮಾಡಿದ ಕೆಲಸವೋ, ತಿಳಿಯದವನದೋ? ತಿಳಿದವನದಾದ್ರೆ ಠಾಣೆಗೆ. ತಿಳಿಯದವನದಾದ್ರೆ ಮನೆಗೆ.”

ಮಾವ ಬೀಗದ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಈ ಬೀಗದ ಹೊಟ್ಟೆಯೊಳಗೆ ಸಣ್ಣ ಸಣ್ಣ ಗೋಡೆ ಇರ್ತವೆ,” ಎಂದರು ನಿಧಾನವಾಗಿ. “ಒಂದೊಂದು ಬೀಗದಲ್ಲಿ ಒಂದೊಂದು ಕಡೆ. ಆ ಗೋಡೆಗೆ ತಾಗದ ಹಾಗೆ ಬೀಗದ ಕೈಯಲ್ಲಿ ಸಂದು ಕೊರೀತಾರೆ. ಕೊರೀಬೇಕಾದ್ದು, ಕೊರೀಬಾರದ್ದು ಎಲ್ಲಾ ಕೊರೆದುಬಿಟ್ರೆ ಯಾವ ಗೋಡೆಗೂ ತಾಗಲ್ಲ, ಎಲ್ಲಿ ಬೇಕಾದ್ರೂ ನುಗ್ಗುತ್ತೆ. ಪಕ್ಕಾ ಕಳ್ಳರು ಹೀಗೇ ಮಾಡೋದು.”

“ಹಾಗಿದ್ರೆ ಠಾಣೆಗೆ,” ಎಂದು ದಫೇದಾರರು ಪುಸ್ತಕ ಮಡಚಿದರು.

“ಪಕ್ಕಾ ದಡ್ಡರೂ ಹೀಗೇ ಮಾಡೋದು,” ಎಂದರು ಮಾವ. ದಫೇದಾರರು ಪುಸ್ತಕ ಬಿಚ್ಚಿದರು. “ಮಗಳ ಮನೆ ಅಂತ ಈ ಬಾಗಿಲಿನ ಬೀಗದೊಳಗೆ ನಾನು ಒಂದು ಲೋಹದ ಪಟ್ಟಿ ಹೆಚ್ಚಿಗೆ ಕೂರ್ಸಿದ್ದೆ. ಅದನ್ನ ಎತ್ತೋಕೆ ಬೀಗದ ಕೈ ಮಧ್ಯದಲ್ಲಿ ಒಂದು ಮೆಟ್ಟಿಲು ಬೇಕು. ಅಳಿಯಂದಿರೇ, ನೀವೇ ಹೇಳಿ. ಆ ಮಧ್ಯದ ಮೆಟ್ಟಿಲನ್ನ ಬೇಕಂತಲೇ ತೆಗೆದ್ರಾ, ತಿಳೀದೆ ತೆಗೆದ್ರಾ?”

ಗಮನಕ್ಕೆಯವರು ದಫೇದಾರರನ್ನು ನೋಡಿದರು. ಮಾವನನ್ನು ನೋಡಿದರು. ಹತ್ತಿರ ಸರಿದು ಮೆಲ್ಲಗೆ ಕೇಳಿದರು. “ಬೇಕಂತಲೇ ಅಂದ್ರೆ ಗಂಟು ಇಲ್ಲೇ ಇರುತ್ತಾ ಮಾವ?”

ಮಾವ ಮೊದಲ ಸಲ ಅಳಿಯನ ಮುಖವನ್ನು ಪೂರ್ತಿಯಾಗಿ ನೋಡಿದರು. “ಅಂದ್ರೆ ನೀವು ಠಾಣೆಗೆ ಹೋಗ್ತೀರಾ?”

“ಅವಳು ಸಾರಿನ ಪಾತ್ರೆಗೆ ಅನ್ನದ ಮುಚ್ಚಳ ಮುಚ್ಚಿದಳಲ್ಲ ಮಾವ.”

“ಬಾಗಿಲು ತೆರೆದ್ರೆ ಅಂತ ಮಾತು,” ಎಂದರು ಮಾವ. “ತೆರೀಲಿಲ್ಲ.”

“ಹಾಗಿದ್ರೆ ಸರಿ.” ಗಮನಕ್ಕೆಯವರು ಎರಡು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತು, ಇಲ್ಲದ ಮೈಕಿನ ಮುಂದೆ ಬಾಯಿ ತೆರೆದರು. “ಕಟ್ಟಡದ ಸಮಸ್ತ ನಿವಾಸಿಗಳ ಗಮನಕ್ಕೆ. ಒಂದು ತಿದ್ದುಪಡಿ. ಭದ್ರತಾ ತಪಾಸಣೆ ಎಂದು ಈ ಮೊದಲು ಪ್ರಕಟಿಸಿದ್ದನ್ನು ಮಹಡಿ ತಪ್ಪಿದ್ದು ಎಂದು ತಿದ್ದಿಕೊಳ್ಳಬೇಕಾಗಿ ವಿನಂತಿ. ಸದರಿ ಬೀಗದ ಕೈಯನ್ನು ಮಾಡಿದವರಿಗೆ ಅರ ಹಿಡಿಯಲು ಬರುವುದಿಲ್ಲ. ಅವರು ಅದನ್ನು ಹಿಂದಕ್ಕೂ ಉಜ್ಜಿದ್ದಾರೆ. ನಿಮಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.”

“ಹಿಂದಕ್ಕೂ ಉಜ್ಜಿರುತ್ತಾನೆ,” ಎಂದು ದಫೇದಾರರು ಬರೆದುಕೊಂಡರು.

ಅಷ್ಟರಲ್ಲಿ ತರಕಾರಿ ಚೀಲ ಹೊತ್ತ ಹೆಂಡತಿ ಬಂದಳು. ಜನರನ್ನೂ ಪೊಲೀಸರನ್ನೂ ಗಂಡನ ಮುಖವನ್ನೂ ನೋಡಿ, ಏನು ಎತ್ತ ಎಂದು ಕೇಳದೆ, “ಸ್ವಲ್ಪ ದಾರಿ ಬಿಡಿ, ಟೊಮೇಟೊ ಇದೆ,” ಎಂದು ತನ್ನ ಬೀಗದ ಕೈ ತೆಗೆದು ಬಾಗಿಲು ತೆರೆದಳು. ಕ್ಲಿಕ್.

“ನಿಲ್ಲಿ ತಾಯಿ. ಅದನ್ನೂ ಹಾಜರುಪಡಿಸಿ,” ಎಂದರು ದಫೇದಾರರು. “ಯಜಮಾನ್ರೇ, ಎರಡನ್ನೂ ಹೋಲಿಸಿ ಹೇಳಿ.”

ಮಾವ ಮಗಳ ಬೀಗದ ಕೈಯನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಅಂಚು ಸವರಿದರು. ಇನ್ನೊಮ್ಮೆ ಸವರಿದರು. “ಇದು ನಾನು ಮಾಡಿಕೊಟ್ಟದ್ದಲ್ಲ,” ಎಂದರು. “ನಾನು ಅಂಚು ಇಷ್ಟು ನಯ ಮಾಡಲ್ಲ. ಯಾವ ಫಿಟ್ಟರ್ ಹತ್ರ ಮಾಡ್ಸಿದೆ?”

ಮಗಳು ಚೀಲ ಕೆಳಗಿಟ್ಟಳು. “ಮಾಡ್ಸಿಲ್ಲ ಅಪ್ಪಾ. ನೀವು ಕೊಟ್ಟಿದ್ದು ಎರಡು. ಒಂದನ್ನ ಇವರು ಕಳೆದಾಗ ಇನ್ನೊಂದನ್ನ ನೋಡಿ ಮಾಡಿದೆ. ಆಮೇಲೆ ಆ ಇನ್ನೊಂದನ್ನೂ ಕಳೆದ್ರು. ಈಗ ನಿಮ್ಮ ಕೈಲಿರೋದು ನಾನು ಮಾಡಿದ ಐದನೇದು.”

“ನಾನು ಯಾವಾಗ ಕಳೆದೆ?” ಎಂದು ಗಮನಕ್ಕೆಯವರು ನಡುವೆ ಬಾಯಿ ಹಾಕಿದರು. “ಪ್ರತಿ ಸಲ ನೀನೇ ‘ಸಿಕ್ತು ರೀ’ ಅಂತ ಕೊಡ್ತಿದ್ದೆಯಲ್ಲ!”

“ಹ್ಞೂಂ. ಸಿಗೋದಕ್ಕೆ ಎರಡು ಗಂಟೆ ಹಿಡೀತಿತ್ತು.”

“ಯಾವುದರಲ್ಲಿ ಮಾಡ್ದೆ?” ಎಂದರು ಮಾವ. ಅವರ ದನಿ ತಗ್ಗಿತ್ತು.

ಆಕೆ ಅಡುಗೆಮನೆಯ ಡ್ರಾಯರಿನಿಂದ ಒಂದು ಹಳೆಯ ಚಪ್ಪಟೆ ಅರ ತಂದಳು. ಗಂಡ ಇಷ್ಟು ದಿನ ಅದನ್ನು ಚಾಕು ಮಸೆಯುವ ಸಾಮಾನೆಂದು ತಿಳಿದಿದ್ದರು. ಹಿಡಿಗೆ ಮುರಿದ ಲಟ್ಟಣಿಗೆಯ ತುದಿ ಜೋಡಿಸಿತ್ತು. ಹಲ್ಲಿನ ಸಂದಿನಲ್ಲಿ ಸೀಮೆಸುಣ್ಣದ ಬಿಳುಪು.

“ಸವೆದುಹೋಯ್ತು ಅಂತ ಎಸೆದಿದ್ನಲ್ಲೇ ಇದನ್ನ!”

“ಮೈ ಸವೆದಿತ್ತು. ಅಂಚಲ್ಲಿ ಇನ್ನೂ ಹಲ್ಲಿತ್ತು ಅಪ್ಪಾ.”

“ಈ ಸಲ ಯಾಕೆ ಮಾಡ್ಲಿಲ್ಲ?”

“ನೀವು ಮನೇಲಿದ್ರಲ್ಲ. ಈ ಮನೇಲಿ ಹಿಡಿಯೋ ಕೈ ಇಲ್ಲ ಅಂದ್ರಿ. ಎದುರು ಮಾತಾಡೋದು ಹೇಗೆ?”

ಮಾವ ಮತ್ತೆ ಬೀಗದ ಕೈಯ ಅಂಚು ಸವರಿದರು. “ಅಂಚು ಯಾಕೆ ಇಷ್ಟು ನಯ ಮಾಡಿದ್ದು?”

“ಇವರ ಜೇಬು ಹರೀಬಾರದು ಅಂತ.”

“ಅದಕ್ಕೇ ಜಾರಿ ಬೀಳ್ತಿದೆ.”

“ನೋಡಿದ್ರಾ!” ಎಂದು ಗಮನಕ್ಕೆಯವರು ಎರಡೂ ಕೈ ಎತ್ತಿದರು. “ದಫೇದಾರ್ರೇ, ಬರ್ಕೊಳ್ಳಿ. ತಪ್ಪು ನಂದಲ್ಲ!”

ದಫೇದಾರರು ಬರೆದುಕೊಳ್ಳಲಿಲ್ಲ. ಕಡ್ಡಿಯಂಥ ಆ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, “ಸದರಿ ಮನೆಯಲ್ಲಿ ಅರವನ್ನು ಹೆಂಗಸರ ಕೈಗೆ ಮಾತ್ರ ಕೊಡತಕ್ಕದ್ದು,” ಎಂದು ಬಾಯಲ್ಲೇ ಆದೇಶ ಹೊರಡಿಸಿ ಇಳಿದುಹೋದರು. ಮಾವ ಒಳಗೆ ಹೋಗಿ ಗಂಟು ತಂದು ಮಗಳ ಕೈಗಿಟ್ಟರು. ಹತ್ತು ಅರ. ಆಮೇಲೆ ಅಳಿಯನ ಊಟದ ಚೀಲದಿಂದ ಉಳಿದೆರಡನ್ನು ತೆಗೆದು, ಹಲ್ಲು ನೋಡಿ, ಕಣ್ಣು ಮುಚ್ಚಿಕೊಂಡು, ಅವನ್ನೂ ಇಟ್ಟರು. “ಬಾಗಿಲು ತೆರೀತು ಮಗೂ,” ಎಂದರು.

ಸೋಮವಾರ ಅವರು ಕೈಗಾರಿಕಾ ಶಾಲೆಗೂ ಹೋಗಲಿಲ್ಲ, ಊರಿಗೂ ಹೋಗಲಿಲ್ಲ. ಏಳು ಮನೆಗಳ ಬೀಗದೊಳಗೆ ಏಳು ಪಟ್ಟಿ ಕೂರಿಸಬೇಕಾಗಿತ್ತು. ತಂದೆ ಪಟ್ಟಿ ಕೊರೆದರೆ ಮಗಳು ಬೀಗದ ಕೈ ಕೊರೆದಳು. ಎರಡನೇ ಮಹಡಿಯಿಂದ ಕರ್ರ್, ಕರ್ರ್ ಎಂದು ಒಂದೇ ಹದದ ಸದ್ದು. ನಡುವೆ ಕೀಂಯ್ ಇಲ್ಲ. ಕಾರ್ಯದರ್ಶಿಗಳು ಭಾಷಣದಲ್ಲಿ ಒಂದು ವಾಕ್ಯ ಸೇರಿಸಿಕೊಂಡರು: “ನನ್ನ ಅವಧಿಯಲ್ಲಿ ಎಲ್ಲ ಬೀಗಗಳನ್ನೂ ಬಲಪಡಿಸಲಾಗಿದೆ.”

ಅತ್ತ ನಿಲ್ದಾಣದಲ್ಲಿ ಗಮನಕ್ಕೆಯವರು ನೆಟ್ಟಗೆ ವಿಚಾರಣೆಯ ಕಿಟಕಿಗೆ ಹೋಗಿ ನಿಂತರು.

“ಗುರುತು ನೆನಪಾಯ್ತಾ ಸಾರ್?” ಎಂದ ಗುಮಾಸ್ತ.

“ಆಯ್ತು. ಮಧ್ಯದಲ್ಲಿ ಒಂದು ಮೆಟ್ಟಿಲು ಇರುತ್ತೆ. ಅಂಚೆಲ್ಲ ನಯ, ಜೇಬು ಹರೀಬಾರದು ಅಂತ. ನನ್ನ ಹೆಂಡತಿ ಮಾಡಿದ್ದು.”

ಗುಮಾಸ್ತ ಡ್ರಾಯರಿಗೆ ಕೈ ಹಾಕಿ ಮೇಜಿನ ಮೇಲೆ ಒಂದು ಬೀಗದ ಕೈ ಇಟ್ಟ. ಪಕ್ಕದಲ್ಲಿ ಇನ್ನೊಂದು ಇಟ್ಟ. ಹೀಗೆ ಆರು ಇಟ್ಟ. “ಎಲ್ಲದಕ್ಕೂ ಮಧ್ಯದಲ್ಲಿ ಮೆಟ್ಟಿಲಿದೆ. ಯಾವುದು ನಿಮ್ಮದು?”

ಎರಡು ಮಾವ ಮಾಡಿದ್ದು, ನಾಲ್ಕು ಹೆಂಡತಿ ಮಾಡಿದ್ದು. ಅಂಚು ಮುಟ್ಟಿ ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು. ಗಮನಕ್ಕೆಯವರು ಒಂದೊಂದನ್ನೇ ಮುಟ್ಟಿ ನೋಡಿ, ಆರಕ್ಕೂ ಸಹಿ ಹಾಕಿ, ಕೋಟಿನ ಜೇಬಿಗೆ ಇಳಿಸಿ, ಮನೆಯಲ್ಲಿ ಮಾಡಬೇಕಾದ ಪ್ರಕಟಣೆಯನ್ನು ಗುನುಗುತ್ತಾ ಬಸ್ಸು ಹತ್ತಿದರು.

ಸಂಜೆ ಐದಕ್ಕೆ ಅವರು ಎರಡನೇ ಮಹಡಿಯಲ್ಲೇ, ತಮ್ಮ ಬಾಗಿಲ ಮುಂದೆಯೇ ನಿಂತರು. ಕೈ ಜೇಬಿಗೆ ಹೋಯಿತು. ಜೇಬು ಇರಲಿಲ್ಲ. ಜೇಬಿದ್ದ ಕೋಟು ಬಸ್ಸಿನಲ್ಲೇ ಉಳಿದು ಮುಂದಿನ ಊರಿಗೆ ಹೋಗಿತ್ತು. ಮೆಲ್ಲಗೆ ಬಾಗಿಲು ತಟ್ಟಿದರು.

ಒಳಗಿನ ಅರದ ಸದ್ದು ಒಂದು ಗಳಿಗೆ ನಿಂತಿತು. ಬಾಗಿಲು ತೆರೆಯಲು ಯಾರೂ ಏಳಲಿಲ್ಲ. ಸದ್ದು ಮತ್ತೆ ಶುರುವಾಯಿತು.

“ಇರ್ರೀ,” ಎಂದಿತು ಹೆಂಡತಿಯ ದನಿ. “ಸಿಕ್ತಾ ಇದೆ. ಇನ್ನೊಂದು ಹತ್ತು ಸಲ ಉಜ್ಜಿದ್ರೆ ಸಿಕ್ಕೇಬಿಡುತ್ತೆ.”